ಕಾಡಿನ ಹಾದಿಯಲ್ಲಿ ಕೊಡುಗೈ ಬೇಡ

ದೇಶ ಸುತ್ತು, ಕೋಶ ಓದು ಎಂದು ಹಿರಿಯರು ಹೇಳಿದ್ದಾರೆ. ಕೋಶ ಓದಿಸುವ ಕೆಲಸವನ್ನು ಶಾಲೆ ನೋಡಿಕೊಳ್ಳುತ್ತದೆ. ದೇಶ ಸುತ್ತಿಸುವುದು ತಂದೆತಾಯಿಗಳ ಪಾಲಿನದು. ಈಚಿನ ವರ್ಷಗಳಲ್ಲಿ ನಮ್ಮ ತಾಳವಾಡಿ ಸೀಮೆಯಲ್ಲಿಯೂ ಬೇಸಿಗೆ ರಜೆ ಬಂತೆಂದರೆ ಬಾಡಿಗೆ ಜೀಪೋ ವ್ಯಾನೋ ಮಾಡಿಕೊಂಡು, ಬುತ್ತಿ ಕಟ್ಟಿಕೊಂಡು ಸಂಸಾರ ಸಮೇತ ಹೊರಡುವವರು ಹೆಚ್ಚಾಗಿದ್ದಾರೆ. ಇದು ಸಂತೋಷಪಡಬೇಕಾದ ಸಂಗತಿಯೇ. ಆದರೆ ನಮ್ಮ ಊರಿನ ಇರುವಿಕೆ ಎಂತಹುದೆಂದರೆ ಸತ್ಯಮಂಗಲಕ್ಕೆ ಇಳಿದರೂ, ಊಟಿಗೆ ಹತ್ತಿದರೂ, ವೈನಾಡಿನ ಕಡೆ ಹೊರಟರೂ ಕಾಡನ್ನು ದಾಟದೆ ಗತ್ಯಂತರವಿಲ್ಲ. ಆ ಕಾಡೇನು ಸಾಮಾನ್ಯದ್ದಲ್ಲ. ಏಷ್ಯದ ಆನೆಗಳು ಒಂದೇ ಕಡೆ ಅತಿ ಹೆಚ್ಚು ಸಂಖ್ಯೆಯಲ್ಲಿ ಬದುಕಿರುವುದು ಈ ನೀಲಗಿರಿ ಸುತ್ತಿನ ಕಾಡುಗಳಲ್ಲಿಯೇ.

ಇಂತಹ ದಾರಿಯಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗುವಾಗ ನಾವು ಹೇಗೆ ನಡೆದುಕೊಳ್ಳಬೇಕು ಎಂಬ ಬಗ್ಗೆ ನಮಗೊಂದು ಖಚಿತವಾದ ಅಭಿಪ್ರಾಯವಿದೆ. ಕಾಡಿನ ಪ್ರಾಣಿಗೆ ನಮ್ಮ ಕೈಯಿಂದ ಏನನ್ನೂ ಕೊಡಬಾರದು. ಪ್ರೀತಿಯಿಂದ ಕೊಟ್ಟರೂ ಕೇಡು, ಭಕ್ತಿಯಿಂದ ಕೊಟ್ಟರೂ ಕೇಡು, ಅಜಾಗರೂಕತೆಯಿಂದ ಚೆಲ್ಲಿದರೂ ಕೇಡು. ಈ ಮಾತು ಬಾಳೆಹಣ್ಣಿಗೂ ಸಲ್ಲುತ್ತದೆ, ಕಬ್ಬಿಗೂ ಸಲ್ಲುತ್ತದೆ. ಕಬ್ಬಿನ ಮಾತು ನಮ್ಮ ನಮ್ಮ ಮನೆಬಾಗಿಲಿನದಾದುದರಿಂದ ಅದನ್ನು ಆಮೇಲೆ ಹೇಳುತ್ತೇವೆ. ಕೆಲವರಿಗೆ ಅದು ರುಚಿಸಲಿಕ್ಕಿಲ್ಲ.

ಕಳೆದ ಬೇಸಿಗೆ ರಜೆಯಲ್ಲಿ ನಮ್ಮ ಮನೆಯವರೂ ನೆರೆಮನೆಯವರೂ ಸೇರಿ, ದೊಡ್ಡವರು ಆರು ಮಕ್ಕಳು ಐದು ಮಂದಿ, ಒಂದು ವ್ಯಾನಿನಲ್ಲಿ ಮೂರು ದಿನದ ಸುತ್ತು ಹೊರಟೆವು. ಚಾಮರಾಜನಗರ, ಗುಂಡ್ಲುಪೇಟೆ, ಬಂಡೀಪುರ, ತೆಪ್ಪಕಾಡು, ಮಸಿನಗುಡಿ, ಅಲ್ಲಿಂದ ಕಲ್ಲಟ್ಟಿಯ 36 ತಿರುವುಗಳನ್ನು ಹತ್ತಿ ಊಟಿ. ಮರಳುವಾಗ ಕೋತಗಿರಿ, ಮೇಟುಪಾಳ್ಯ, ಭವಾನಿಸಾಗರ, ಬಣ್ಣಾರಿ, ಕೊನೆಗೆ ನಮ್ಮದೇ ದಿಂಬಂ ಘಾಟಿ. ಭೂಪಟದಲ್ಲಿ ನೋಡಿದರೆ ಇದೊಂದು ಬಳೆಯ ಹಾಗಿದೆ. ಬಳೆಯ ನಡುವೆ ಮೋಯಾರ್ ಹೊಳೆ ಆಳವಾದ ಕಮರಿಯಲ್ಲಿ ಹರಿದು ಭವಾನಿಸಾಗರದ ನೀರಿಗೆ ಸೇರುತ್ತದೆ. 1956ರಲ್ಲಿ ರಾಜ್ಯಗಳನ್ನು ಹಂಚಿದಾಗ ಕೊಳ್ಳೇಗಾಲ ಮೈಸೂರಿಗೆ ಹೋಯಿತು, ತಾಳವಾಡಿ ಮದರಾಸಿನಲ್ಲಿಯೇ ಉಳಿಯಿತು. ಆನೆಗೆ ಆ ಗೆರೆಯ ಪರಿವೆಯಿಲ್ಲ. ಬಿಳಿಗಿರಿರಂಗನ ಬೆಟ್ಟದ ಕಾಡಿಗೂ ನಮ್ಮ ಕಾಡಿಗೂ ಅದಕ್ಕೆ ಭೇದವಿಲ್ಲ. ದಾರಿಯುದ್ದಕ್ಕೂ ಕನ್ನಡದಲ್ಲಿ, ತಮಿಳಿನಲ್ಲಿ, ಇಂಗ್ಲಿಷಿನಲ್ಲಿ ಫಲಕಗಳು. ನಮ್ಮ ಮಕ್ಕಳು ಎಲ್ಲವನ್ನೂ ಗಟ್ಟಿಯಾಗಿ ಓದುತ್ತಾ ಬಂದರು. ಗಡಿಯಲ್ಲಿ ಹುಟ್ಟಿದ ಮಕ್ಕಳಿಗೆ ಇದೊಂದು ಅನುಕೂಲ! ಭಾಷೆ ಯಾವುದಾದರೂ ಫಲಕದ ಮಾತು ಒಂದೇ: ಗಾಡಿ ನಿಲ್ಲಿಸಬೇಡಿ, ತಿಂಡಿ ಹಾಕಬೇಡಿ.

ಬಂಡೀಪುರವು 1973ರಲ್ಲಿ ಹುಲಿ ಯೋಜನೆ ಆರಂಭವಾದಾಗ ಆರಿಸಿಕೊಂಡ ಮೊದಲ ಒಂಬತ್ತು ಕಾಡುಗಳಲ್ಲಿ ಒಂದು. ಅದರ ನಡುವೆ ಹೋಗುವ ಹೆದ್ದಾರಿಯಲ್ಲಿ ಹೆಜ್ಜೆಹೆಜ್ಜೆಗೂ ಉಬ್ಬುಗಳಿವೆ, ಗಾಡಿ ತಾನಾಗಿಯೇ ನಿಧಾನವಾಗುತ್ತದೆ. ನಿಧಾನವಾದ ಕಡೆಯಲ್ಲೆಲ್ಲಾ ರಸ್ತೆಬದಿಯಲ್ಲಿ ಕೋತಿಗಳು ಸಾಲಾಗಿ ಕುಳಿತಿದ್ದವು, ಪಂಕ್ತಿಯಲ್ಲಿ ಎಲೆ ಹಾಕುವುದನ್ನು ಕಾಯುವವರಂತೆ. ಮುಂದಿನ ಕಾರಿನ ಕಿಟಕಿಯಿಂದ ಒಂದು ಪುಟ್ಟ ಕೈ ಹೊರಬಂದು ಬಿಸ್ಕತ್ತು ಎಸೆಯಿತು. ಎದುರಿನಿಂದ ಬಸ್ಸು ಬರುತ್ತಿತ್ತು. ಮರಿಯನ್ನು ಹೊಟ್ಟೆಗೆ ಅವುಚಿಕೊಂಡಿದ್ದ ತಾಯಿಕೋತಿಯೊಂದು ಬಿಸ್ಕತ್ತಿಗಾಗಿ ರಸ್ತೆಯ ನಡುವಿಗೆ ನೆಗೆಯಿತು. ಬಸ್ಸಿನವರು ಬ್ರೇಕು ಹಾಕಿದರು, ಕೋತಿ ಉಳಿಯಿತು. ಪ್ರತಿಸಲ ಉಳಿಯುತ್ತದೆಯೇ?

ನಮ್ಮ ವ್ಯಾನಿನಲ್ಲಿಯೂ ಒಂದು ಚಿಪ್ಪು ಬಾಳೆಹಣ್ಣು ಸಿದ್ಧವಾಗಿತ್ತು. ನೆರೆಮನೆಯ ಅಜ್ಜಿ ಅದನ್ನು ಆಂಜನೇಯನ ಹೆಸರಿನಲ್ಲಿಯೇ ತಂದಿದ್ದರು. ಕೊಡುವುದು ಬೇಡ ಅಜ್ಜಿ ಎಂದುದಕ್ಕೆ, “ಹಸ್ದಿರೋವ್ಕ ಒಂದ್ ಹಣ್ಣ ಕೊಟ್ರ ಅದ್ಯಾವ ಪಾಪ ಬಂದದು ಮೊಗ?” ಎಂದರು. ಅಜ್ಜಿಯ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಬಾಗಿಲಿಗೆ ಬಂದವರಿಗೆ ಇಲ್ಲವೆನ್ನದ, ಕೊಯ್ಲಿನ ಕಣದಲ್ಲಿ ಹಕ್ಕಿಗೂ ಪಾಲು ಬಿಡುವ ಸಂಸ್ಕಾರ ಅವರದು. ಫಲಕದಲ್ಲಿ ಬರೆದಿದೆ ಎಂಬ ಮಾತ್ರಕ್ಕೆ ಆ ಕೈ ಹಿಂದೆ ಬರಬೇಕೆಂದರೆ ಹೇಗೆ? ಕಾರಣ ಹೇಳಬೇಕು. ಹೀಗೆಂದು ಹೇಳಿದೆವು:

ಈ ಕೋತಿಗಳು ಹಸಿದಿಲ್ಲ ಅಜ್ಜಿ. ಹಸಿದಿದ್ದರೆ ಕಾಡಿನೊಳಗೆ ಅತ್ತಿಹಣ್ಣು, ಚಿಗುರು, ಹುಳುಹುಪ್ಪಟೆ ಹುಡುಕುತ್ತಿದ್ದವು. ಸುಲಭದ ಊಟ ಸಿಗುತ್ತದೆಂದು ಇಲ್ಲಿ ಬಂದು ಕುಳಿತಿವೆ. ಕಾಡಿನ ಹಣ್ಣು ತಿಂದು ಅದರ ಬೀಜವನ್ನು ದೂರ ದೂರ ಉದುರಿಸುವುದು ಕೋತಿಗೆ ದೇವರು ಕೊಟ್ಟ ಕಸುಬು. ಟಾರು ರಸ್ತೆಯ ಮೇಲೆ ಬಿದ್ದ ಬೀಜ ಮೊಳೆಯುವುದೆಂತು? ಇದಲ್ಲದೆ ನಮ್ಮ ಈ ಕೋತಿ ದಕ್ಷಿಣ ಭಾರತ ಬಿಟ್ಟರೆ ಲೋಕದಲ್ಲಿ ಬೇರೆಲ್ಲಿಯೂ ಇಲ್ಲ. ಮನುಷ್ಯನ ಕೈ ನೋಡಲು ಕಲಿತ ಕೋತಿ ನಾಳೆ ಯಾವುದೋ ಮಗುವಿನ ಕೈಯಿಂದ ಪೊಟ್ಟಣ ಕಿತ್ತುಕೊಳ್ಳುತ್ತದೆ, ಪರಚುತ್ತದೆ, ಕಚ್ಚುತ್ತದೆ. ಆಗ ಇದೇ ಜನ ಕೋಲು ಹಿಡಿಯುತ್ತಾರೆ.

ಅಜ್ಜಿ ಒಪ್ಪಿದರೆಂದು ಹೇಳಲಾರೆವು. ಹಣ್ಣಿನ ಚಿಪ್ಪನ್ನು ಸೆರಗಿನಡಿ ಇಟ್ಟುಕೊಂಡು ಸುಮ್ಮನಾದರು. ಮಸಿನಗುಡಿಯ ನೆಂಟರ ಮನೆಯಲ್ಲಿ ಅದನ್ನು ಮಕ್ಕಳು ತಿಂದರು.

ತೆಪ್ಪಕಾಡಿನಲ್ಲಿ ನಮಗೆ ಇನ್ನೂ ಕಠಿಣವಾದ ಪ್ರಶ್ನೆ ಎದುರಾಯಿತು. ಅಲ್ಲಿ ಅರಣ್ಯ ಇಲಾಖೆಯ ಆನೆ ಶಿಬಿರವಿದೆ. 2023ರಲ್ಲಿ ಆಸ್ಕರ್ ಪ್ರಶಸ್ತಿ ಪಡೆದ ಕಿರುಚಿತ್ರದಲ್ಲಿ ಬರುವ ಬೊಮ್ಮನ್ ಮತ್ತು ಬೆಳ್ಳಿ ದಂಪತಿಗಳು ತಬ್ಬಲಿ ಆನೆಮರಿಗಳನ್ನು ಸಾಕಿದ ಜಾಗ ಅದೇ. ಆನೆಗಳಿಗೆ ಊಟ ಕೊಡುವ ಹೊತ್ತು. ರಾಗಿಯ ದೊಡ್ಡ ದೊಡ್ಡ ಉಂಡೆಗಳು, ಬೇಯಿಸಿದ ಹುರುಳಿ, ಬೆಲ್ಲ. ಮಾವುತರು ಉಂಡೆಯನ್ನು ನೇರ ಬಾಯಿಗೇ ಇಡುತ್ತಿದ್ದರು. ನಮ್ಮ ಮುದ್ದೆ ತಿನ್ನುವ ಆನೆಯನ್ನು ಕಂಡು ಮಕ್ಕಳಿಗೆ ಹಿಗ್ಗೋ ಹಿಗ್ಗು. ಏಳನೆಯ ತರಗತಿಯ ಹುಡುಗನೊಬ್ಬ ಕೂಡಲೇ ಕೇಳಿದ: “ಇಲ್ಲಿ ಮುದ್ದೆ ಕೊಟ್ರ ತಪ್ಪಲ್ಲ, ದಾರೀಲಿ ಹಣ್ಣ ಕೊಟ್ರ ತಪ್ಪಾ?”

ಪ್ರಶ್ನೆ ನ್ಯಾಯವಾದದ್ದು. ಶಿಬಿರದ ಆನೆ ಹಿಂದೆಯೇ ಕಾಡಿನ ಬದುಕಿನಿಂದ ಬೇರೆಯಾದದ್ದು. ಅದಕ್ಕೆ ಮಾವುತನಿದ್ದಾನೆ, ವೈದ್ಯರಿದ್ದಾರೆ, ಅಳತೆಯ ಊಟವಿದೆ. ಕೊಡುವವನು ನಾಳೆಯೂ ಇರುತ್ತಾನೆ, ಆಡಿ ತಪ್ಪುವುದಿಲ್ಲ. ದಾರಿಯಲ್ಲಿ ಹಣ್ಣು ಎಸೆದು ಹೋಗುವ ನಾವು ನಾಳೆ ಆ ಆನೆಗೆ ಯಾರು? ಬೆಳೆದ ಆನೆಯೊಂದಕ್ಕೆ ದಿನಕ್ಕೆ ಸುಮಾರು 150 ಕಿಲೋ ಮೇವು ಬೇಕು. ನಮ್ಮ ನಾಲ್ಕು ಹಣ್ಣಿನಿಂದ ಅದರ ಹೊಟ್ಟೆ ತುಂಬುವುದಿಲ್ಲ, ರುಚಿ ಮಾತ್ರ ಹತ್ತುತ್ತದೆ.

ರುಚಿ ಹತ್ತಿದರೆ ಏನಾಗುತ್ತದೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. ಮಸಿನಗುಡಿಯ ಸುತ್ತಮುತ್ತ ರಿವಾಲ್ಡೊ ಎಂದು ಜನ ಕರೆಯುತ್ತಿದ್ದ ಸಲಗವೊಂದಿತ್ತು. ಜನ ಕೊಡುತ್ತಿದ್ದ ತಿಂಡಿಗೆ ಒಗ್ಗಿಹೋದ ಅದು ಮನೆಗಳ, ತಂಗುದಾಣಗಳ ಬಳಿಯೇ ಸುಳಿದಾಡುತ್ತಿತ್ತು. ಕಡೆಗೆ 2021ರ ಮೇ ತಿಂಗಳಲ್ಲಿ ಅದನ್ನು ಹಿಡಿದು ಮರದ ದಿಮ್ಮಿಗಳ ದೊಡ್ಡಿಯಲ್ಲಿ ಕೂಡಬೇಕಾಯಿತು. ಮೂರು ತಿಂಗಳ ಮೇಲೆ, ಆಗಸ್ಟಿನಲ್ಲಿ, ಕೊರಳಿಗೆ ರೇಡಿಯೋ ಪಟ್ಟಿ ಕಟ್ಟಿ ಕಾಡಿಗೆ ಬಿಟ್ಟರು. ಅದೇ ವರ್ಷದ ಜನವರಿಯಲ್ಲಿ ಅದೇ ಮಸಿನಗುಡಿಯಲ್ಲಿ ತಂಗುದಾಣವೊಂದರ ಬಳಿಗೆ ಬಂದ ಇನ್ನೊಂದು ಆನೆಯ ಮೇಲೆ ಉರಿಯುವ ಟೈರು ಎಸೆದರು. ಸುಟ್ಟ ಗಾಯದಿಂದ ನರಳಿ ಅದು ಸತ್ತಿತು. ಒಂದೇ ಊರು, ಒಂದೇ ವರ್ಷ. ಒಂದಕ್ಕೆ ಹಣ್ಣು ಕೊಟ್ಟು ಕೆಡಿಸಿದರು, ಒಂದಕ್ಕೆ ಬೆಂಕಿ ಕೊಟ್ಟು ಕೊಂದರು. ಸಿಗೂರು ಪ್ರಸ್ಥಭೂಮಿಯ ಆನೆದಾರಿಯಲ್ಲಿ ಕಟ್ಟಿದ ತಂಗುದಾಣಗಳ ವಿಚಾರದಲ್ಲಿ ಸರ್ವೋಚ್ಚ ನ್ಯಾಯಾಲಯ 2020ರ ಅಕ್ಟೋಬರಿನಲ್ಲಿ ಆನೆಗಳ ಪರವಾಗಿಯೇ ತೀರ್ಪು ನೀಡಿತು. ಆನೆಯನ್ನು ಅಂಗಳಕ್ಕೇ ಕರೆದು ತೋರಿಸುತ್ತೇವೆ ಎನ್ನುವವರ ಬಳಿ ನಮ್ಮ ಪೋಷಕರು ಹಣ ಕೊಟ್ಟು ತಂಗಬಾರದೆಂದು ಇಲ್ಲಿಯೇ ಹೇಳಿಬಿಡುತ್ತೇವೆ.

ಮಸಿನಗುಡಿಯಲ್ಲಿ ಬೆಳಿಗ್ಗೆ ಹತ್ತು ಗಂಟೆಯ ಬಿಸಿಲೇರಿದ ಮೇಲೆ ಆಕಾಶದಲ್ಲಿ ರೆಕ್ಕೆ ಬಡಿಯದೆ ಸುತ್ತುತ್ತಿದ್ದ ನಾಲ್ಕು ದೊಡ್ಡ ಹಕ್ಕಿಗಳನ್ನು ಮಕ್ಕಳು ಹದ್ದುಗಳೆಂದರು. ಅವು ರಣಹದ್ದುಗಳು. ದಕ್ಷಿಣ ಭಾರತದಲ್ಲಿ ಅವು ಇನ್ನೂ ಗೂಡು ಕಟ್ಟುವ ಕೆಲವೇ ಜಾಗಗಳಲ್ಲಿ ಮೋಯಾರ್ ಕಣಿವೆ ಒಂದು. ನಾವು ಚಿಕ್ಕವರಿದ್ದಾಗ ಸತ್ತ ದನವನ್ನು ಊರ ಹೊರಗೆ ಹಾಕಿದರೆ ಮಧ್ಯಾಹ್ನದೊಳಗೆ ಬರಿ ಮೂಳೆ ಉಳಿಯುತ್ತಿತ್ತು. ಆ ಹಕ್ಕಿಗಳು ಎಲ್ಲಿ ಹೋದವು? ಬೇಟೆಗಾರರು ಕೊಲ್ಲಲಿಲ್ಲ. ನೋವಿನಿಂದ ನರಳುವ ದನಕ್ಕೆ ಕರುಣೆಯಿಂದ ಕೊಡಿಸಿದ ಡೈಕ್ಲೋಫೆನಾಕ್ ಎಂಬ ಔಷಧ, ದನ ಸತ್ತ ಮೇಲೆ ಅದರ ಮಾಂಸದಲ್ಲಿ ಉಳಿದು, ತಿಂದ ರಣಹದ್ದಿನ ಮೂತ್ರಪಿಂಡವನ್ನು ಕೆಡಿಸಿತು. 1990ರ ದಶಕದಿಂದ ಮುಂದಕ್ಕೆ ಕೆಲವೇ ವರ್ಷಗಳಲ್ಲಿ ದೇಶದ ಮುಖ್ಯ ಜಾತಿಯ ರಣಹದ್ದುಗಳಲ್ಲಿ ಶೇಕಡ 95ಕ್ಕೂ ಹೆಚ್ಚು ಅಳಿದುಹೋದವು. 2006ರಲ್ಲಿ ದನಗಳಿಗೆ ಆ ಔಷಧ ಕೊಡುವುದನ್ನು ಸರ್ಕಾರ ನಿಷೇಧಿಸಿತು, 2023ರಲ್ಲಿ ಇನ್ನೆರಡನ್ನು ನಿಲ್ಲಿಸಿತು. ಒಂದು ಜೀವಕ್ಕೆ ಕೊಟ್ಟದ್ದು ಇನ್ನಾವ ಜೀವಕ್ಕೆ ಮುಟ್ಟುತ್ತದೆಂದು ಕೊಡುವವನಿಗೆ ತಿಳಿದಿರುವುದಿಲ್ಲ. ದನ ಸಾಕುವ ನಮ್ಮ ಮನೆಗಳಲ್ಲಿ ಇದನ್ನು ಮಾತಾಡಬೇಕು. ಪಶುವೈದ್ಯರನ್ನು ಕೇಳದೆ ಅಂಗಡಿಯಿಂದ ನೋವಿನ ಸೂಜಿಮದ್ದು ತರುವ ಅಭ್ಯಾಸ ಹೋಗಬೇಕು.

ಹಾಗಾದರೆ ಏನನ್ನೂ ಕೊಡದೆ, ಗಾಡಿಯನ್ನೂ ನಿಲ್ಲಿಸದೆ ಹೋದರೆ ಮಕ್ಕಳಿಗೆ ಸಿಗುವುದೇನು ಎಂದು ಕೇಳುವವರಿದ್ದಾರೆ. ನಾವು ಪ್ರತಿ ಮಗುವಿಗೂ ಒಂದು ಹಳೆಯ ನೋಟುಬುಕ್ಕು ಕೊಟ್ಟು, ಚಲಿಸುವ ಗಾಡಿಯಿಂದ ಕಂಡದ್ದನ್ನೆಲ್ಲಾ ಬರೆಯಿರಿ ಎಂದಿದ್ದೆವು. ಹುಲಿ ಕಾಣಲಿಲ್ಲ. ಕಾಣುತ್ತದೆಂದು ಆಸೆ ತೋರಿಸಿಯೂ ಇರಲಿಲ್ಲ. ಆದರೆ ಮೂರು ದಿನದಲ್ಲಿ ಒಬ್ಬ ಹುಡುಗಿಯ ಪುಸ್ತಕದಲ್ಲಿ ಅರವತ್ತಕ್ಕೂ ಮಿಕ್ಕಿ ವಿಷಯಗಳಿದ್ದವು. ಒಣಗಿದ ಲದ್ದಿ, ಹಸಿ ಲದ್ದಿ. ಆನೆ ಮೈ ಉಜ್ಜಿ ನುಣುಪಾದ ಮತ್ತಿಮರ. ಕಡವೆಯ ಹಿಂಡು, ಹೊಳೆಯಾಚೆ ಕಾಟಿ. ಮುಸುವಗಳು ಮರದ ಮೇಲೆ, ಚುಕ್ಕೆಜಿಂಕೆಗಳು ಮರದ ಕೆಳಗೆ. ಈ ಎರಡೂ ಜತೆಯಾಗಿರುವುದು ಏಕೆಂದು ಆಕೆ ಕೇಳಿದಳು. ಮುಸುವ ಮೇಲಿನಿಂದ ಚಿರತೆಯನ್ನು ಕಂಡು ಕೂಗುತ್ತದೆ, ಕಿತ್ತು ಕೆಡಹಿದ ಎಲೆ ಕೆಳಗಿನ ಜಿಂಕೆಗೆ ಮೇವಾಗುತ್ತದೆ, ಜಿಂಕೆಯ ಮೂಗಿಗೆ ಹತ್ತಿದ ವಾಸನೆ ಮುಸುವಕ್ಕೆ ಎಚ್ಚರಿಕೆಯಾಗುತ್ತದೆ. ಮೈಲಿಗಟ್ಟಲೆ ಕಾಡನ್ನು ಮುಚ್ಚಿಕೊಂಡಿದ್ದ ಲಾಂಟಾನ ಪೊದೆಯನ್ನು ಇನ್ನೊಬ್ಬ “ಚೆಂದದ ಹೂ” ಎಂದು ಬರೆದಿದ್ದ. ಅದು ಅಮೆರಿಕ ಖಂಡದಿಂದ ತೋಟದ ಅಂದಕ್ಕಾಗಿ ತಂದದ್ದು, ಅದರ ಕೆಳಗೆ ಹುಲ್ಲು ಬೆಳೆಯದು, ಹುಲ್ಲಿಲ್ಲದಿದ್ದರೆ ಜಿಂಕೆಗೆ ಮೇವಿಲ್ಲ ಎಂದು ತಿಳಿದ ಮೇಲೆ ಅವನು ‘ಚೆಂದದ’ ಎಂಬ ಪದವನ್ನು ಹೊಡೆದುಹಾಕಲಿಲ್ಲ, ಪಕ್ಕದಲ್ಲಿ ‘ಆದರೆ’ ಎಂದು ಸೇರಿಸಿದ. ಬರವಣಿಗೆ ಕಲಿಸುವ ಗುರುಗಳು ಇದನ್ನು ಗಮನಿಸಬೇಕು!

ಗಾಡಿ ನಿಲ್ಲಿಸುವುದೂ ಒಂದು ಬಗೆಯ ಕೊಡುವಿಕೆಯೇ, ನಮ್ಮನ್ನೇ ಒಪ್ಪಿಸಿಕೊಡುವುದು. 2025ರ ಆಗಸ್ಟಿನಲ್ಲಿ ಬಂಡೀಪುರದ ದಾರಿಯಲ್ಲಿ ಆನೆಯ ಹತ್ತಿರ ಹೋಗಿ ಮೊಬೈಲಿನಲ್ಲಿ ಪಟ ತೆಗೆಯಹೋದ ಒಬ್ಬರನ್ನು ಆನೆ ಅಟ್ಟಿಸಿ ಕೆಡವಿತು. ಜೀವ ಉಳಿದದ್ದೇ ಪುಣ್ಯ. ಅರಣ್ಯ ಇಲಾಖೆ 25,000 ರೂಪಾಯಿ ದಂಡ ಹಾಕಿತು. ಆನೆ ಕಿವಿಯನ್ನು ಬೀಸುತ್ತಾ ಮೇಯುತ್ತಿದ್ದರೆ ಅದು ತನ್ನ ಪಾಡಿಗೆ ಇದೆ. ಕಿವಿ ಅಗಲಿಸಿ ಅಲುಗದೆ ನಿಂತು ನಮ್ಮತ್ತ ನೋಡಿದರೆ ಸಹನೆ ಮುಗಿಯುತ್ತಿದೆ ಎಂದರ್ಥ. ರಸ್ತೆಗೆ ಅಡ್ಡವಾಗಿ ನಿಂತಿದ್ದರೆ ದೂರದಲ್ಲಿಯೇ ಕಾಯಬೇಕು, ಹಾರನ್ ಮಾಡಬಾರದು, ಮರಿಗೂ ತಾಯಿಗೂ ನಡುವೆ ಗಾಡಿ ತೂರಿಸಲೇಬಾರದು. ಇವು ಹಾಸನೂರು, ತಲಮಲೆ ಕಡೆಯ ಮಕ್ಕಳಿಗೆ ಹೇಳಿಕೊಡಬೇಕಾದವಲ್ಲ. ಅವರೇ ನಮಗೆ ಹೇಳಿಕೊಡಬಲ್ಲರು. ಸೋಲಿಗರ, ಊರಾಳಿಗಳ ಮನೆಯ ಮಕ್ಕಳು ಗಾಳಿಯ ವಾಸನೆಯಿಂದಲೇ ಆನೆ ಇದೆಯೆಂದು ಹೇಳುತ್ತಾರೆ. ಮುಂದಿನ ಸಂಚಿಕೆಗೆ ಅವರಿಂದಲೇ ಒಂದು ಲೇಖನ ಬರೆಯಿಸಬೇಕೆಂದು ಸಂಪಾದಕ ಮಂಡಳಿಯನ್ನು ಕೋರುತ್ತೇವೆ.

ಇನ್ನು ನಮ್ಮ ಘಾಟಿಯ ಮಾತು. ಬಣ್ಣಾರಿ ಅಮ್ಮನ ಗುಡಿಯಿಂದ 27 ತಿರುವುಗಳನ್ನು ಹತ್ತಿ ದಿಂಬಂ, ಹಾಸನೂರು, ಕಾರಪಳ್ಳದವರೆಗಿನ ಹೆದ್ದಾರಿ ಸತ್ಯಮಂಗಲದ ಹುಲಿ ಕಾಡಿನೊಳಗೇ ಸಾಗುತ್ತದೆ. 2008ರಲ್ಲಿ ಅಭಯಾರಣ್ಯವಾದ ಈ ಕಾಡು 2013ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಹಿಂದಿರುಗುವಾಗ ಹಾಸನೂರಿನ ಬಳಿ ಸಾಲಾಗಿ ಗಾಡಿಗಳು ನಿಂತಿದ್ದವು. ಮುಂದೆ ಕಬ್ಬಿನ ಲಾರಿ. ಲಾರಿಯ ಮುಂದೆ ಒಂದು ಹೆಣ್ಣಾನೆ, ಅದರ ಕಾಲಸಂದಿಯಲ್ಲಿ ಮರಿ. ತಾಯಿ ಸೊಂಡಿಲು ಚಾಚಿ ಹೊರೆಯಿಂದ ಕಬ್ಬು ಸೆಳೆದು ಮರಿಯ ಮುಂದೆ ಹಾಕುತ್ತಿತ್ತು. ಎಲ್ಲರೂ ಮೊಬೈಲು ಹಿಡಿದಿದ್ದರು. ನೋಡಲು ಮುದ್ದಾಗಿಯೇ ಇತ್ತು. ಆದರೆ ಆ ಮರಿ ಕಲಿಯುತ್ತಿದ್ದ ಪಾಠ ಯಾವುದು? ಕಾಡಿನಲ್ಲಿ ಯಾವ ಕಾಲಕ್ಕೆ ಯಾವ ಹಳ್ಳದಲ್ಲಿ ನೀರಿರುತ್ತದೆ, ಯಾವ ಬಿದಿರು ಚಿಗುರುತ್ತದೆ ಎಂಬುದನ್ನು ಹೇಳಿಕೊಡಬೇಕಾದ ತಾಯಿ, ಲಾರಿಯ ಸದ್ದು ಕೇಳಿದರೆ ರಸ್ತೆಗೆ ಇಳಿಯಬೇಕೆಂದು ಹೇಳಿಕೊಡುತ್ತಿದೆ.

ಆ ಕಬ್ಬು ಯಾರದು? ನಮ್ಮದೇ. ಲಾರಿಯಲ್ಲಿ ಮಿತಿಮೀರಿ ಹೊರೆ ಹೇರುತ್ತಾರೆ. ಕಾರಪಳ್ಳದ ತನಿಖಾಠಾಣೆಯಲ್ಲಿ ಎತ್ತರ ಅಳೆಯಲು ನಿಲ್ಲಿಸಿದ ಕಮಾನಿಗೆ ತಾಗಿ ಮೇಲಿನ ಕಬ್ಬು ಉದುರುತ್ತದೆ, ಅಥವಾ ಅಲ್ಲಿಯೇ ಕಿತ್ತು ಬಿಸಾಡುತ್ತಾರೆ. ಆನೆ ಅದನ್ನು ಹುಡುಕಿಕೊಂಡು ಬರುತ್ತದೆ. ಕೆಲವು ಚಾಲಕರು ಆನೆ ದಾರಿ ಬಿಡಲೆಂದು, ಕೆಲವರು ಗಣಪತಿಗೆ ಒಪ್ಪಿಸಿದಂತೆಂದು, ತಾವೇ ಒಂದು ಹೊರೆ ಎಸೆಯುತ್ತಾರೆ. ಇಂದು ಲಾರಿಯ ಕಬ್ಬು ತಿಂದ ಆನೆ ನಾಳೆ ಗದ್ದೆಯ ಕಬ್ಬಿಗೆ ಬರುವುದಿಲ್ಲವೆಂದು ಯಾರು ಹೇಳಬಲ್ಲರು? ತಾಳವಾಡಿ ಸೀಮೆಯಲ್ಲಿ ಕರುಪ್ಪನ್ ಎಂಬ ಸಲಗದ ಹಾವಳಿಯನ್ನು ಯಾರೂ ಮರೆತಿಲ್ಲ. ಇಬ್ಬರು ರೈತರ ಜೀವ ಹೋಯಿತು, ಎಷ್ಟೋ ಹೊಲ ನಾಶವಾಯಿತು, ಎಷ್ಟೋ ಸಂಜೆ ಮಕ್ಕಳು ಹೊರಗೆ ಕಾಲಿಡಲಿಲ್ಲ. ಹಲವು ಸಲ ಪ್ರಯತ್ನಿಸಿ, ಸಾಕಾನೆಗಳನ್ನು ತರಿಸಿ, 2023ರ ಏಪ್ರಿಲಿನಲ್ಲಿ ಅದನ್ನು ಹಿಡಿದು ಬೇರೆ ಕಾಡಿಗೆ ಸಾಗಿಸಿದರು. ಒಂದು ಆನೆಯನ್ನು ಸಾಗಿಸಬಹುದು. ಲಾರಿ ಕಾಯುವುದನ್ನು ಕಲಿತ ಹಿಂಡನ್ನೇ ಸಾಗಿಸಲಾದೀತೇ?

ರಾತ್ರಿ ಸಂಚಾರದ ನಿರ್ಬಂಧವನ್ನೂ ಇದರ ಜತೆಗೇ ನೋಡಬೇಕು. ಬಂಡೀಪುರದಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ದಾರಿ ಮುಚ್ಚುವ ಕ್ರಮ ಬಂತು. ನಮ್ಮ ಘಾಟಿಯಲ್ಲಿ ಮದರಾಸು ಉಚ್ಚ ನ್ಯಾಯಾಲಯದ ಆದೇಶದಂತೆ 2022ರ ಫೆಬ್ರವರಿಯಲ್ಲಿ ಅದು ಜಾರಿಯಾದಾಗ ಊರೆಲ್ಲ ಬೀದಿಗಿಳಿಯಿತು. ತರಕಾರಿ ಕೊಳೆಯುತ್ತದೆ, ಹೆರಿಗೆಗೆ ಎಲ್ಲಿಗೆ ಹೋಗುವುದು ಎಂದು ಕೇಳಿದ್ದು ಸರಿಯಾಗಿಯೇ ಇತ್ತು. ಆ ಬಳಿಕ ಸ್ಥಳೀಯರಿಗೂ ತುರ್ತು ವಾಹನಗಳಿಗೂ ಸಡಿಲಿಕೆ ದೊರೆಯಿತು. 2000ದಲ್ಲಿ ದೊಡ್ಡಗಾಜನೂರಿನಿಂದ ಡಾ. ರಾಜಕುಮಾರರನ್ನು ಅಪಹರಿಸಿದ ಕಾಲದಲ್ಲಿ ಸಂಜೆಯಾದರೆ ಈ ಸೀಮೆಯ ದಾರಿಗಳಲ್ಲಿ ಜನ ಮನುಷ್ಯರಿಗೆ ಹೆದರಿ ಓಡಾಡುತ್ತಿರಲಿಲ್ಲ. ಆ ಹೆದರಿಕೆ ಹೋದ ಮೇಲೆ ರಾತ್ರಿಯೆಲ್ಲ ಲಾರಿಗಳ ಸಾಲು. ದೀಪದ ಬೆಳಕಿಗೆ ಕಣ್ಣು ಕತ್ತಲಿಟ್ಟು ಜಿಂಕೆ ರಸ್ತೆಯ ನಡುವೆ ಮರಗಟ್ಟಿ ನಿಂತುಬಿಡುತ್ತದೆ. ಸುತ್ತಾಟಕ್ಕೆ ಹೋಗುವ ಸಂಸಾರಗಳು, ನಾವೂ ಸೇರಿ, ರಾತ್ರಿ ಈ ದಾರಿಯಲ್ಲಿ ಇರಲೇಬೇಕಾದ ಕಾರಣ ಒಂದೂ ಇಲ್ಲ. ಕಾಯಿಲೆಯವರಿಗೆ, ಹೆರಿಗೆಯವರಿಗೆ ದಾರಿ ತೆರೆದಿರಲೇಬೇಕು. ಅದಕ್ಕಿಂತ ಮಿಗಿಲಾಗಿ, ನಡುರಾತ್ರಿ ಘಾಟಿ ಇಳಿಯುವ ಅಗತ್ಯವೇ ಬಾರದಂತೆ ಹೆರಿಗೆಯೂ ಶಸ್ತ್ರಚಿಕಿತ್ಸೆಯೂ ತಾಳವಾಡಿಯಲ್ಲಿಯೇ ಹಗಲಿರುಳು ನಡೆಯುವಂತಾಗಬೇಕು. ದಾರಿ ತೆರೆಯಿರಿ ಎಂದು ಕೂಗಿದಷ್ಟೇ ಗಟ್ಟಿಯಾಗಿ ನಾವು ಇದನ್ನೂ ಕೇಳಬೇಕಾಗಿತ್ತು ಎಂಬುದು ನಮ್ಮ ಭಾವನೆ.

ಕಬ್ಬಿನ ವಿಚಾರದಲ್ಲಿ ಮಾತ್ರ ಯಾವ ನ್ಯಾಯಾಲಯಕ್ಕೂ ಕಾಯಬೇಕಾಗಿಲ್ಲ. ನಮ್ಮ ಶಾಲೆಯ ಪೋಷಕರಲ್ಲಿಯೇ ಕಬ್ಬು ಬೆಳೆಯುವವರಿದ್ದಾರೆ, ಲಾರಿಯ ಮಾಲೀಕರಿದ್ದಾರೆ, ಹೊರೆ ಕಟ್ಟುವವರಿದ್ದಾರೆ. ಕಮಾನಿಗೆ ತಾಗದಷ್ಟೇ ಹೊರೆ ಹಾಕಿ, ಮೇಲೆ ಟಾರ್ಪಾಲು ಎಳೆದು ಹಗ್ಗ ಬಿಗಿದರೆ ಆಗುವ ಖರ್ಚು ಒಂದೆರಡು ಹೆಚ್ಚಿನ ಸವಾರಿಯದು. ಠಾಣೆಯ ಬಳಿ ಉದುರಿದ್ದನ್ನು ಅಂದಂದೇ ಒಟ್ಟುಮಾಡಿ ಊರಿನ ಕೊಟ್ಟಿಗೆಗಳಿಗೆ ತಂದರೆ ದನಗಳಿಗೆ ಮೇವಾಯಿತು. ಕಬ್ಬು ಕಡಿಯುವ ಹಂಗಾಮಿಗೆ ಮೊದಲು ಪೋಷಕರ ಸಭೆಯೊಂದು ಬರುತ್ತದೆ. ಅಲ್ಲಿ ಶುಲ್ಕ, ಸಮವಸ್ತ್ರದ ಮಾತು ಮುಗಿದ ಮೇಲೆ ಟಾರ್ಪಾಲಿನ ಮಾತನ್ನು ನಾವು ಎತ್ತಲಿದ್ದೇವೆ.